ಹನ್ನೆರಡೂವರೆಗೆ ಮಂಗಳ ಹಾಡಿ ನಮ್ಮನ್ನ ಎಲ್ಲಿಗೆ ಕಳಿಸ್ತೀರಿ?

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವು ಅಂದ್ರೆ ನನ್ನಂಥವರಿಗೆ ಜ್ವರ ಬಂದ ಹಾಗೆ. ಹೊಸನಗರದಲ್ಲಿ ಇವತ್ತು ಯಾವ ಮೇಳ, ತೀರ್ಥಹಳ್ಳಿ ಕಡೆ ಯಾವ ಪ್ರಸಂಗ, ಸಾಗರದಲ್ಲಿ ಡೇರೆ ಬೀಳೋದು ಯಾವಾಗ, ಭಾಗವತರು ಯಾರು, ಚಂಡೆಗೆ ಯಾರು... ಇಷ್ಟು ಗೊತ್ತಾಗೋ ತನಕ ಊಟ ಸೇರಲ್ಲ. ಹುಲಿಕಲ್ ಘಾಟಿ ಹತ್ತಿಕೊಂಡು ಮೇಳದ ಗಾಡಿ ಬಂತು ಅಂತ ಸುದ್ದಿ ಸಿಕ್ಕಿದ್ರೆ ಸಾಕು, ಅಡಿಕೆ ಕೊಯ್ಲಿನ ಗಡಿಬಿಡಿ ಮಧ್ಯೆಯೂ ಕಂಬಳಿ ಹುಡುಕೋ ಜಾತಿ ನಮ್ಮದು. "ಇವನಿಗೆ ಆಟದ ಹುಚ್ಚು" ಅಂತ ಮನೇಲಿ ಬೈದಿದ್ದು, ನೆಂಟರು ನಕ್ಕಿದ್ದು ಎಲ್ಲ ಆಗಿದೆ. ಅದರ ಬಗ್ಗೆ ನನಗೆ ನಾಚಿಕೆ ಏನೂ ಇಲ್ಲ. ಅಮೆರಿಕದಲ್ಲಿ ಗ್ರೇಟ್‌ಫುಲ್ ಡೆಡ್ ಅಂತ ಒಂದು ಬ್ಯಾಂಡ್ ಇತ್ತು, 1965ರಿಂದ 95ರ ತನಕ. ಅದರ ಹಿಂದೆ ಊರೂರು ಅಲೆದವರಿಗೆ ಡೆಡ್‌ಹೆಡ್ ಅಂತ ಒಂದು ಹೆಸರೇ ಇದೆ, ಅವರ ಬಗ್ಗೆ ಪುಸ್ತಕಗಳೂ ಬಂದಿವೆ. ನಾವು ಅಲೆದರೆ ಮಾತ್ರ ಹುಚ್ಚು.

ಇರಲಿ. ಇವತ್ತು ಬರೆಯೋಕೆ ಕೂತಿದ್ದು ಜಗಳಕ್ಕೆ. ಈಗ ಯಾವ ಕರಪತ್ರ ತೆಗೆದು ನೋಡಿದ್ರೂ ಮೇಲ್ಗಡೆ ದಪ್ಪಕ್ಷರದಲ್ಲಿ ಒಂದು ಸಾಲು ಇರುತ್ತೆ: "ಕಾಲಮಿತಿ ಯಕ್ಷಗಾನ". ಸಂಜೆ ಏಳೂವರೆಗೋ ಎಂಟಕ್ಕೋ ಶುರು, ರಾತ್ರಿ ಹನ್ನೆರಡೂವರೆಗೆ ಮಂಗಳ. ಕಲಾವಿದರ ಹೆಸರಿಗಿಂತ ಈ ಸಾಲೇ ದೊಡ್ಡದಾಗಿರುತ್ತೆ. ಬೇಗ ಮುಗಿಸ್ತೀವಿ ಬನ್ನಿ ಅಂತ ಕರೆಯೋ ಕಲೆ ಪ್ರಪಂಚದಲ್ಲಿ ಇನ್ಯಾವುದಾದ್ರೂ ಇದ್ಯಾ ಮಾರಾಯ್ರೆ? ಹೋಟೆಲಿನವನು "ನಮ್ಮಲ್ಲಿ ಊಟ ಸ್ವಲ್ಪವೇ ಬಡಿಸುತ್ತೇವೆ" ಅಂತ ಬೋರ್ಡು ಹಾಕಿದ ಹಾಗಾಯ್ತು.

ಮೊದಲು ತೀರಾ ಸಣ್ಣದು ಅನ್ನಿಸೋ ಒಂದು ಮಾತು. ಬಸ್ಸು.

ಕಾಲಮಿತಿ ಅನ್ನೋದು "ಬೆಳಿಗ್ಗೆ ಕೆಲಸಕ್ಕೆ ಹೋಗೋ ಜನರಿಗೆ ಅನುಕೂಲ" ಅಂತ ವಾದ. ಯಾವ ಊರಿನ ಜನರಿಗೆ? ಮನೆ ಬಾಗಿಲ ತನಕ ಆಟೋ ಸಿಗೋ ಊರಲ್ಲಿ ಸರಿ. ನಮ್ಮ ಕಡೆ ಮನೆಗೂ ಮನೆಗೂ ಮಧ್ಯೆ ಒಂದು ಗುಡ್ಡ, ಒಂದು ಹಳ್ಳ, ಒಂದು ತೋಟ. ಹೊಸನಗರ ತಾಲೂಕಿನ ಒಳಗಿನ ಹಳ್ಳಿಗೆ ರಾತ್ರಿ ಹನ್ನೆರಡೂವರೆಗೆ ಯಾವ ಬಸ್ಸಿದೆ ತೋರಿಸಿ. ಹಿಂದೆ ಹೇಗಿತ್ತು? ಸಂಜೆಯ ಕೊನೇ ಬಸ್ಸಿಗೆ ಆಟಕ್ಕೆ ಹೋಗೋದು, ಬೆಳಗಿನ ಮೊದಲ ಬಸ್ಸಿಗೆ ವಾಪಸು ಬರೋದು. ರಾತ್ರಿಯಿಡೀ ಆಟ ಇದ್ದಿದ್ದೇ ಆ ಎರಡು ಬಸ್ಸುಗಳ ಮಧ್ಯೆ ನಮಗೊಂದು ನೆಲೆ. ಬಸ್ಸು ಬರೋಕಿಂತ ಮುಂಚೆ ಕಾಲ್ನಡಿಗೆ, ಸೂಡಿ ಹಿಡಿದು. ಕತ್ತಲಲ್ಲಿ ಕಾಡುದಾರಿ ಹಿಡಿಯೋ ಬದಲು ಬೆಳಕು ಹರಿದ ಮೇಲೆ ಹೋಗೋಣ ಅಂತ ಕೂರುತ್ತಿದ್ದರು. ಈಗ ಹನ್ನೆರಡೂವರೆಗೆ ಮಂಗಳ ಹಾಡಿ, ಲೈಟು ಆರಿಸಿ, "ಸಹಕರಿಸಿದ ಎಲ್ಲರಿಗೂ ಧನ್ಯವಾದ" ಅಂದರೆ ಬೈಕು ಇಲ್ಲದ ಅಜ್ಜ, ಕಾರು ಇಲ್ಲದ ಅತ್ತಿಗೆ, ಆಟ ಬಲ್ಲ ಮುದುಕಿಯರು ಎಲ್ಲಿಗೆ ಹೋಗಬೇಕು? ಹೋಗೋ ಪ್ರಶ್ನೆ ಇಲ್ಲ, ಯಾಕಂದ್ರೆ ಅವರು ಬರೋದನ್ನೇ ಬಿಟ್ಟಿದ್ದಾರೆ. ಆಮೇಲೆ ಇದೇ ಸಂಘಟಕರು ವೇದಿಕೆ ಮೇಲೆ ನಿಂತು "ಪ್ರೇಕ್ಷಕರು ಕಡಿಮೆಯಾಗ್ತಿದ್ದಾರೆ" ಅಂತ ಕಣ್ಣೀರು ಹಾಕ್ತಾರೆ!

ಎರಡನೇ ನೆಪ ಕಾನೂನು. ಶಬ್ದಮಾಲಿನ್ಯ ನಿಯಮ ಬಂದಿದ್ದು 2000ದಲ್ಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿ ಹನ್ನೆರಡರ ತನಕ ರಿಯಾಯಿತಿ ಕೊಡಬಹುದು. ಸರಿ, ಒಪ್ಪಿದೆ. ಹಾಗಿದ್ರೆ ಹನ್ನೆರಡೂವರೆಗೆ ಮುಗಿಯೋ ಆಟ ಯಾವ ಲೆಕ್ಕಕ್ಕೆ ಕಾನೂನಿನ ಒಳಗೆ ಬಂತು? ಹತ್ತು ಗಂಟೆ ಅನ್ನೋ ಗೆರೆಯನ್ನ ನೀವೂ ದಾಟಿದ್ದೀರಿ, ನಾವೂ ದಾಟಿದ್ದೇವೆ. ನೀವು ಎರಡೂವರೆ ಗಂಟೆ ದಾಟಿದ್ದಕ್ಕೆ ಅದು ಶಿಸ್ತು, ನಾವು ಎಂಟು ಗಂಟೆ ದಾಟಿದ್ದಕ್ಕೆ ಅದು ಅಪರಾಧ! ಕಟೀಲಿನ ಮೇಳಗಳು 2022ರಲ್ಲಿ ಇದೇ ನಿಯಮದ ಕಾರಣಕ್ಕೆ ಕಾಲಮಿತಿಗೆ ಇಳಿದಾಗ ಅಲ್ಲಿನ ಭಕ್ತರು ಸುಮ್ಮನೆ ಕೂರಲಿಲ್ಲ, ಹೈಕೋರ್ಟಿಗೆ ಹೋದರು. 2024ರ ಜನವರಿಯಿಂದ ಅಲ್ಲಿ ಮತ್ತೆ ರಾತ್ರಿಯಿಡೀ ಆಟ ಶುರುವಾಯ್ತು. ಘಟ್ಟದ ಮೇಲಿನವರು ನಾವು ಮಾತ್ರ ಯಾರೋ ಹೇಳಿದರು ಅಂತ ತಲೆಯಾಡಿಸಿ ಬಂದೆವು.

ಸದ್ದಿನ ವಿಷಯ ಬಂದಾಗ ಒಂದು ನಿಜ ಹೇಳಿಬಿಡ್ತೀನಿ. ಊರಿಗೆ ತೊಂದರೆ ಆಗ್ತಿರೋದು ಚಂಡೆಯಿಂದಲ್ಲ, ರಂಗಸ್ಥಳದ ಎರಡು ಬದಿಗೆ ಗೋಡೆ ಥರ ಪೇರಿಸಿಟ್ಟ ಡಬ್ಬಗಳಿಂದ. ಅದಕ್ಕೆ ಸೇರಿಸೋ ಎಕೋ ಬೇರೆ. ಭಾಗವತರ ಒಂದು ಆಲಾಪ ಮೂರು ಸಲ ಕೇಳಿಸುತ್ತೆ, ಮದ್ದಳೆಯ ಮೃದುವಾದ ನುಡಿ ಒಂದು ಸಲವೂ ಕೇಳಿಸಲ್ಲ. ಆ ಡಬ್ಬ ಅರ್ಧ ಇಳಿಸಿ. ಕೇಳೋರಿಗೂ ಒಳ್ಳೇದು, ಮಲಗೋರಿಗೂ ಒಳ್ಳೇದು.

ಈಗ ನನ್ನ ಅಸಲಿ ಸಿಟ್ಟಿಗೆ ಬರ್ತೀನಿ. ನಾನು ಮೊದಲಿನಿಂದಲೂ ಹಿಮ್ಮೇಳದ ಭಕ್ತ. ವೇಷ ಚೆನ್ನಾಗಿದ್ರೆ ಸಂತೋಷ, ಅರ್ಥಗಾರಿಕೆ ಚೆನ್ನಾಗಿದ್ರೆ ಇನ್ನೂ ಸಂತೋಷ, ಆದ್ರೆ ನಾನು ಹತ್ತಿಪ್ಪತ್ತು ಮೈಲಿ ಹೋಗೋದು ಆ ಮೂರು ಜನಕ್ಕಾಗಿ. ಭಾಗವತರು, ಮದ್ದಳೆ, ಚಂಡೆ. ಮೂರೇ ಜನ, ಒಂದು ಶ್ರುತಿಪೆಟ್ಟಿಗೆ, ಭಾಗವತರ ಕೈಯಲ್ಲಿ ಒಂದು ಜೊತೆ ತಾಳ. ಇಷ್ಟರಲ್ಲಿ ಒಂದು ಇಡೀ ಯುದ್ಧ ನಡೆಯುತ್ತೆ, ಒಂದು ಇಡೀ ಮದುವೆ ನಡೆಯುತ್ತೆ. ಈ ಮೂವರ ಕೆಲಸ ರಾತ್ರಿಯ ಜೊತೆ ಬೆಳೆಯೋ ಕೆಲಸ. ಮೊದಲು ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ. ಆಗ ಭಾಗವತಿಕೆಗೆ ಕೂರೋದು ಎಳೆ ಹುಡುಗ, ಸಂಗೀತಗಾರ ಅಂತ ಕರೆಯೋದು. ಎದುರಿಗೆ ಜನ ಇನ್ನೂ ಚಾಪೆ ಹಾಸ್ತಾ ಇರ್ತಾರೆ, ಮಂಡಕ್ಕಿಯವನ ಹತ್ತಿರ ಚೌಕಾಸಿ ಮಾಡ್ತಾ ಇರ್ತಾರೆ. ಯಾರೂ ಅವನನ್ನ ಗಮನ ಕೊಟ್ಟು ಕೇಳಲ್ಲ. ಅದೇ ಅವನಿಗೆ ವರ. ತಾಳ ತಪ್ಪಿದ್ರೆ ಮದ್ದಳೆಯವರು ಕಣ್ಣಲ್ಲೇ ತಿದ್ದುತ್ತಾರೆ, ಜನಕ್ಕೆ ಗೊತ್ತೂ ಆಗಲ್ಲ. ಮಧ್ಯರಾತ್ರಿ ಹೊತ್ತಿಗೆ ಮುಖ್ಯ ಭಾಗವತರು ಬಂದು ಕೂರ್ತಾರೆ. ಶ್ರುತಿ ಬದಲಾಗುತ್ತೆ, ಕೂತಿದ್ದವರ ಬೆನ್ನು ನೆಟ್ಟಗಾಗುತ್ತೆ. ಎರಡು ಗಂಟೆ, ಮೂರು ಗಂಟೆ, ಹೊರಗೆ ಇಬ್ಬನಿ ಟಪ್ ಟಪ್ ಅಂತ ಡೇರೆ ಮೇಲೆ ಬೀಳ್ತಿರುತ್ತೆ, ಒಳಗೆ ಪದ್ಯ ಏರ್ತಾ ಏರ್ತಾ ಹೋಗುತ್ತೆ. ಆ ಹೊತ್ತಿನ ಏರುಪದ್ಯಕ್ಕೆ ಬೀಳೋ ಚಂಡೆ ಪೆಟ್ಟು ನಿದ್ದೆಗಣ್ಣಿನ ಒಳಕ್ಕೆ ಇಳಿಯುತ್ತಲ್ಲ, ಅದನ್ನ ರಾತ್ರಿ ಒಂಬತ್ತು ಗಂಟೆಗೆ ಊಟ ಮುಗಿಸಿ ಕುರ್ಚಿ ಮೇಲೆ ಕೂತವನಿಗೆ ಹೇಗೆ ಹೇಳಿ ತಿಳಿಸೋದು? ಬೆಳಗಿನ ಜಾವ ಪೂರ್ವ ಬೆಳ್ಳಗಾಗೋ ಹೊತ್ತಿಗೆ ಭಾಗವತರು ಭೂಪಾಳಿ ಎತ್ತಿದರೆ ಅದು ಬರೀ ರಾಗ ಅಲ್ಲ, ಆಕಾಶವೂ ಅದೇ ಹಾಡ್ತಿದೆ ಅನ್ನಿಸ್ತಿತ್ತು. ಕಾಲಮಿತಿಯಲ್ಲಿ ಬೆಳಗಿನ ಜಾವವೇ ಇಲ್ಲ. ರಾಗ ಇಟ್ಟುಕೊಂಡು ಏನು ಮಾಡೋದು?

ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಆದದ್ದೂ ಇದೇ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ ಸಂಗೀತೋತ್ಸವ. ವರ್ಷಾನುಗಟ್ಟಲೆ ಜನ ರಾತ್ರಿಯಿಡೀ ಕೂತು ಕೇಳಿದರು. ಹತ್ತು ಗಂಟೆಯ ನಿಯಮ ಬಂದ ಮೇಲೆ ಅಲ್ಲಿ ಅಪರಾತ್ರಿಯ ರಾಗಗಳಿಗೆ ಜಾಗ ಹೋಯ್ತು. ಅವರಿಗಾದ್ರೂ ಧ್ವನಿಮುದ್ರಿಕೆಗಳಿವೆ, ಗುರುಕುಲ ಇದೆ, ಕಾಲೇಜುಗಳಿವೆ. ನಮ್ಮ ಭಾಗವತನಿಗೆ ರಂಗಸ್ಥಳ ಬಿಟ್ಟರೆ ಬೇರೆ ಶಾಲೆ ಎಷ್ಟಿದೆ?

ಕೇಳಿ, ಇದೇ ನನ್ನ ಮುಖ್ಯ ತಕರಾರು. ಕಾಲಮಿತಿಯಲ್ಲಿ ಮೊದಲು ಕತ್ತರಿ ಬೀಳೋದು ಆ ಸಂಗೀತಗಾರ ಹುಡುಗನ ಎರಡು ಗಂಟೆಗೆ. ಬಾಲಗೋಪಾಲ ಕುಣಿಯೋ ಹುಡುಗರಿಗೆ. ಒಡ್ಡೋಲಗಕ್ಕೆ. ಐದು ಗಂಟೆ ಇರೋದು, ಜನ ಟಿಕೆಟ್ ಕೊಟ್ಟಿರೋದು ದೊಡ್ಡ ಹೆಸರಿಗೆ, ಹಾಗಾಗಿ ಶುರುವಿನಿಂದಲೇ ದೊಡ್ಡವರು ಬಂದು ಕೂರ್ತಾರೆ. ಹುಡುಗ ಎಲ್ಲಿ ಕಲೀಬೇಕು? ಯಾರೂ ಕೇಳದ ಹೊತ್ತಲ್ಲಿ ತಪ್ಪು ಮಾಡ್ತಾ ಮಾಡ್ತಾ ಕಲಿತವನೇ ಮುಂದೆ ಎಲ್ಲರೂ ಕೇಳೋ ಹೊತ್ತಲ್ಲಿ ಹಾಡೋದು. ಕಾಳಿಂಗ ನಾವಡರು ಆಕಾಶದಿಂದ ಉದುರಿದವರಲ್ಲ. 1958ರಲ್ಲಿ ಹುಟ್ಟಿ 1990ರಲ್ಲಿ ಬೈಕು ಅಪಘಾತದಲ್ಲಿ ಹೋದರು, ಮೂವತ್ತೆರಡು ತುಂಬುವ ಮುಂಚೆ. ಅಷ್ಟು ಸಣ್ಣ ವಯಸ್ಸಿನಲ್ಲಿ ಅಷ್ಟು ಎತ್ತರಕ್ಕೆ ಹೇಗೆ ಹೋದರು ಅಂತ ಎಲ್ಲರೂ ಆಶ್ಚರ್ಯ ಪಡ್ತಾರೆ. ತಂದೆ ರಾಮಚಂದ್ರ ನಾವಡರು ಭಾಗವತರು, ಗುರು ನಾರ್ಣಪ್ಪ ಉಪ್ಪೂರರು, ಇದರ ಜೊತೆ ಹುಡುಗನಾಗಿದ್ದಾಗಲೇ ಮೇಳ ಸೇರಿ ರಾತ್ರಿಗಳನ್ನ ಕೂತು ಕಳೆದಿದ್ದು. ಅದೇ ಉಪ್ಪೂರರ ಬಳಿ ಕಲಿತು ಪೆರ್ಡೂರು ಮೇಳದಲ್ಲಿ ದಶಕಗಟ್ಟಲೆ ಹಾಡಿದ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲಿನಲ್ಲಿ ಹೋದರು. ಅವತ್ತು ಎಲ್ಲರ ಮೊಬೈಲಿನಲ್ಲೂ ಅವರ ಪದ್ಯ, ಅವರ ಫೋಟೋ. ಒಬ್ಬರಾದರೂ ಅವತ್ತು ಮುಂದಿನ ಧಾರೇಶ್ವರ ಎಲ್ಲಿ ಅಭ್ಯಾಸ ಮಾಡ್ತಿದ್ದಾನೆ, ಅವನಿಗೆ ದಿನಕ್ಕೆ ಎಷ್ಟು ಪದ್ಯ ಸಿಗ್ತಿದೆ ಅಂತ ಕೇಳಿದ್ರಾ?

ಕಾಳಿಂಗ ನಾವಡರ ಹೆಸರು ಎತ್ತಿದ ಕೂಡಲೇ ಒಬ್ಬರು ಹಿರಿಯರು ನನ್ನ ಜೊತೆ ಯಾವಾಗಲೂ ಜಗಳಕ್ಕೆ ಬರ್ತಾರೆ. "ಹಾಳು ಮಾಡಿದ್ದೇ ಅವರು. ಭಾಗವತನನ್ನ ಸ್ಟಾರ್ ಮಾಡಿಬಿಟ್ಟರು" ಅಂತ. ಶಿಳ್ಳೆ ಹೊಡೆಯೋ ಅಭಿಮಾನಿಗಳಿಂದ ಕಲೆ ಕೆಟ್ಟಿತು ಅನ್ನೋದು ಬಲ್ಲವರ ಹಳೇ ರಾಗ. ಚಿಟ್ಟಾಣಿಯವರ ಕುಣಿತಕ್ಕೂ ಇದೇ ಮಾತು ಅಂದಿದ್ದರು. 2012ರಲ್ಲಿ ಪದ್ಮಶ್ರೀ ಬಂದ ಮೇಲೆ ಅದೇ ಬಾಯಿಗಳು ಸನ್ಮಾನ ಸಮಿತಿಯಲ್ಲಿದ್ದವು :) ನಾನು ಹೇಳೋದಿಷ್ಟು: ಡೇರೆ ಮೇಳಗಳಿಗೆ ಟಿಕೆಟ್ ಕೊಂಡು ಬಂದಿದ್ದು ಶಿಳ್ಳೆ ಹೊಡೆದವರೇ. ವಿಚಾರಸಂಕಿರಣದವರಿಗೆ ಪಾಸ್ ಇತ್ತು.

ಕಾಲಮಿತಿ ಪರವಾಗಿ ಕಾರಂತರ ಹೆಸರನ್ನೂ ತರ್ತಾರೆ. ಕಾರಂತರು ಮಾತು ಇಳಿಸಿ, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ, ಎರಡು ಮೂರು ಗಂಟೆಯ ಪ್ರಯೋಗ ಮಾಡಿದ್ದು ಹೌದು. ಅದು ಸಭಾಂಗಣಕ್ಕೆ, ಪರದೇಶಕ್ಕೆ ಒಯ್ಯೋಕೆ ಮಾಡಿದ ಬೇರೆ ರಂಗ. ಹೆಗ್ಗೋಡಿನಲ್ಲಿ ಎರಡು ಗಂಟೆಯ ನಾಟಕ ನೋಡಿ ನಾನೂ ಖುಷಿಪಟ್ಟಿದ್ದೇನೆ. ಅಲ್ಲಿನ ಲೆಕ್ಕ ಅಲ್ಲಿಗೆ. ಅದನ್ನ ತಂದು ಬಯಲಾಟದ ತಲೆ ಮೇಲೆ ಕೂರಿಸೋದು ಯಾಕೆ?

ಕಲಾವಿದರ ಆರೋಗ್ಯ ಅನ್ನೋ ಮಾತಿಗೆ ಮಾತ್ರ ನಾನು ಸ್ವಲ್ಪ ತಗ್ಗುತ್ತೇನೆ. ನವೆಂಬರಿನಿಂದ ಮೇ ತನಕ ಹೆಚ್ಚುಕಡಿಮೆ ಪ್ರತಿ ರಾತ್ರಿ ನಿದ್ದೆಗೆಟ್ಟು, ಹಗಲು ಪ್ರಯಾಣ ಮಾಡಿ, ಮತ್ತೆ ಬಣ್ಣ ಹಚ್ಚೋದು ಹುಡುಗಾಟ ಅಲ್ಲ. ಎಷ್ಟು ಜನ ಬೆನ್ನುನೋವು, ಹೊಟ್ಟೆಹುಣ್ಣು ಹೊತ್ತು ನಿವೃತ್ತರಾಗಿದ್ದಾರೆ ಅಂತ ಗೊತ್ತು. ಆದ್ರೆ ರಾತ್ರಿಯಿಡೀ ಆಟದಲ್ಲಿ ಯಾರೂ ರಾತ್ರಿಯಿಡೀ ಕುಣಿಯಲ್ಲ. ಮೊದಲ ಪ್ರಸಂಗದವರು ಗೆಜ್ಜೆ ಬಿಚ್ಚಿ ಚೌಕಿಯಲ್ಲಿ ಮಲಗ್ತಾರೆ, ಕೊನೇ ಪ್ರಸಂಗದವರು ಮಧ್ಯರಾತ್ರಿ ಎದ್ದು ಬಣ್ಣಕ್ಕೆ ಕೂರ್ತಾರೆ. ಕೆಲಸ ಹಂಚಿಕೆ ಇತ್ತು. ಕಾಲಮಿತಿಯಲ್ಲಿ ಅದೇ ಪ್ರಸಂಗವನ್ನ ಹಿಂಡಿ, ಅದೇ ನಾಲ್ಕು ಜನ ಐದು ಗಂಟೆ ಎಳೀಬೇಕು. ಹಂಚಿಕೊಳ್ಳೋ ಕೆಲಸ ಇಲ್ಲ ಅಂದ ಮೇಲೆ ಮೇಳಕ್ಕೆ ಅಷ್ಟು ಜನ ಯಾಕೆ ಬೇಕು? ಹೊರಗೆ ಉಳಿಯೋದು ಸಣ್ಣ ವೇಷದವನು. ಅವನ ಆರೋಗ್ಯದ ಬಗ್ಗೆ ಯಾರೂ ಭಾಷಣ ಮಾಡಲ್ಲ. ಕಲಾವಿದರ ಬಗ್ಗೆ ನಿಜವಾಗಿ ಕಾಳಜಿ ಇದ್ದರೆ ವಾರಕ್ಕೊಂದು ರಜೆ ಕೊಡಿ, ಮಲಗೋಕೆ ಒಂದು ಒಳ್ಳೇ ಜಾಗ ಕೊಡಿ, ಮಳೆಗಾಲಕ್ಕೂ ಸಂಬಳ ಕೊಡಿ. ರಾತ್ರಿಯನ್ನ ಕತ್ತರಿಸೋದು ಇದರಲ್ಲೆಲ್ಲ ಅಗ್ಗದ ದಾರಿ, ಅದಕ್ಕೇ ಅದನ್ನ ಹಿಡಿದಿದ್ದು.

"ಪ್ರೇಕ್ಷಕರೇ ಕೂರಲ್ಲ" ಅಂತ ಕೊನೇ ಬಾಣ. ಮಂದಾರ್ತಿ ಮೇಳಗಳ ಹರಕೆ ಆಟ ತೀರ್ಥಹಳ್ಳಿ, ಹೊಸನಗರದ ಕಡೆಯವರು ಇವತ್ತಿಗೂ ಆಡಿಸ್ತಾರೆ. ಹೇಳಿಕೊಂಡು ವರ್ಷಗಟ್ಟಲೆ ಸರದಿ ಕಾಯಬೇಕು. ಜನ ಇಲ್ಲದ ಕಲೆಗೆ ಸರದಿ ಇರುತ್ತಾ? ಮನೆಯವರು ಅಂಗಳದಲ್ಲಿ ಸಾಲಾಗಿ ಚಾಪೆ ಹಾಸಿ, ಊರಿಗೆಲ್ಲ ಊಟ ಹಾಕ್ತಾರೆ. ಮೂರು ಗಂಟೆ ಹೊತ್ತಿಗೆ ಅರ್ಧ ಜನ ನಿದ್ದೆ ಹೋಗಿರ್ತಾರೆ, ನಿಜ. ಹೋದರೇನು? ನಿದ್ದೆ ಮಾಡೋದೂ ಆಟ ನೋಡೋದರ ಒಂದು ಭಾಗವೇ. ಬಣ್ಣದ ವೇಷ ಬಂದಾಗ ಮಗು ಬೆಚ್ಚಿ ಎದ್ದು ಅಮ್ಮನ ಸೆರಗು ಹಿಡಿದುಕೊಳ್ಳುತ್ತಲ್ಲ, ಅವತ್ತೇ ಒಬ್ಬ ಹೊಸ ಪ್ರೇಕ್ಷಕ ತಯಾರಾಗೋದು. ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ನೋಡಿದ ಹುಡುಗ ಲೈಕ್ ಒತ್ತಿ ಮುಂದೆ ಹೋಗ್ತಾನೆ. ಗಾನವೈಭವ ಅಂತ ವೇಷವೇ ಇಲ್ಲದೆ ಮೂವರು ಭಾಗವತರನ್ನ ಸಾಲಾಗಿ ಕೂರಿಸಿ ಪೈಪೋಟಿ ಹಚ್ಚೋ ಕಾರ್ಯಕ್ರಮಗಳ ಬಗ್ಗೆ ಇನ್ನೊಂದು ದಿನ ಬೈತೀನಿ, ಅದಕ್ಕೆ ಬೇರೆ ಪುಟವೇ ಬೇಕು.

ಎಲ್ಲ ಆಟವನ್ನೂ ಬೆಳಗಿನ ತನಕ ಆಡಿ ಅಂತ ನಾನು ಹಠ ಹಿಡಿದಿಲ್ಲ. ಪೇಟೆಯಲ್ಲಿ ಕಾಲಮಿತಿ ಇರಲಿ, ಶಾಲೆ ವಾರ್ಷಿಕೋತ್ಸವಕ್ಕೆ ಇರಲಿ. ಆದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ತಿಂಗಳಿಗೆ ಒಂದಾದರೂ ಡೇರೆ ಆಟ ಕೋಡಂಗಿಯಿಂದ ಮಂಗಳದ ತನಕ ಪೂರ್ತಿ ಆಗಲಿ, ಮೊದಲ ಎರಡು ಗಂಟೆ ಭಾಗವತಿಕೆಗೆ ಹುಡುಗನೇ ಕೂರಲಿ, ಡಬ್ಬದ ಸದ್ದು ಅರ್ಧ ಇರಲಿ. ಆಡಿಸೋರು ಯಾರಾದ್ರೂ ಇದ್ದರೆ ತಿಳಿಸಿ, ನಮ್ಮೂರಿಂದ ಒಂದು ಜೀಪು ತುಂಬ ಜನ ಬರ್ತೀವಿ, ಟಿಕೆಟ್ ದುಡ್ಡು ಮುಂಗಡ. ಬೆಳಗಿನ ಜಾವದ ಚಾ ಮಾತ್ರ ಚೌಕಿ ಹತ್ತಿರವೇ ಸಿಗಬೇಕು.