ಮಳೆಯಲ್ಲಿ ಡಿಫ್ ಲಾಕ್ ಹಾಕಿದರೆ ಪಿಕಪ್ ಜಾರುವುದೇ ಇಲ್ಲವೇ? ಅರ್ಧ ಸತ್ಯದ ಪೂರ್ತಿ ಲೆಕ್ಕ ಇಲ್ಲಿದೆ

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಗಾಡಿಗಳ ವಿಡಿಯೊಗಳು ಓಡಾಡತೊಡಗುತ್ತವೆ. ಕೆಸರಿನಲ್ಲಿ ಹೂತ ಪಿಕಪ್ಪಿನ ಹಿಂದಿನ ಒಂದು ಚಕ್ರ ಗರಗರನೆ ತಿರುಗುತ್ತಿರುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಚಾಲಕ ಒಂದು ಸ್ವಿಚ್ ಒತ್ತುತ್ತಾನೆ. ಕೆಲವೇ ಕ್ಷಣಗಳಲ್ಲಿ ಗಾಡಿ ಹೊರಗೆ ಬರುತ್ತದೆ. ಇಂಥ ವಿಡಿಯೊಗಳ ಜೊತೆ ಬರುವ ಸಲಹೆ ಹೆಚ್ಚುಕಡಿಮೆ ಒಂದೇ: ‘ಮಳೆಯಲ್ಲಿ ಡಿಫ್ ಲಾಕ್ ಹಾಕಿಕೊಂಡೇ ಓಡಿಸಿ, ಗಾಡಿ ಜಾರುವುದಿಲ್ಲ.’

ವಿಡಿಯೊದಲ್ಲಿ ಕಾಣುವುದು ನಿಜ. ಆದರೆ ಜೊತೆಗಿರುವ ಸಲಹೆ ಅರ್ಧ ಮಾತ್ರ ನಿಜ. ಆ ಇನ್ನರ್ಧವನ್ನು ನಂಬಿ ಘಾಟಿ ರಸ್ತೆಯಲ್ಲೋ, ತೋಟದ ಓರೆ ದಾರಿಯಲ್ಲೋ ಗಾಡಿ ಓಡಿಸಿದರೆ ಏನಾಗುತ್ತದೆ ಎಂಬುದನ್ನು ನಾವು ಇಲ್ಲಿ ಹಂತ ಹಂತವಾಗಿ ನೋಡೋಣ.

ಡಿಫರೆನ್ಷಿಯಲ್ ಯಾಕೆ ಬೇಕು?

ಗಾಡಿ ತಿರುವು ತೆಗೆದುಕೊಳ್ಳುವಾಗ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. ಎಷ್ಟು ಹೆಚ್ಚು? ಹಿಂದಿನ ಎರಡು ಚಕ್ರಗಳ ನಡುವಿನ ಅಂತರ 1.5 ಮೀಟರ್ ಎಂದಿಟ್ಟುಕೊಳ್ಳಿ. ಊರಿನ ಮೂಲೆಯಲ್ಲಿ 90 ಡಿಗ್ರಿ ತಿರುಗಿದರೆ ಹೊರಗಿನ ಚಕ್ರ ಸುಮಾರು 2.4 ಮೀಟರ್ ಹೆಚ್ಚು ಓಡುತ್ತದೆ. ಆಗುಂಬೆ ಘಾಟಿಯಂಥ ರಸ್ತೆಯ ಹೇರ್‌ಪಿನ್ ತಿರುವಿನಲ್ಲಿ ಪೂರ್ತಿ 180 ಡಿಗ್ರಿ ತಿರುಗಿದರೆ ಈ ವ್ಯತ್ಯಾಸ ಸುಮಾರು 4.7 ಮೀಟರ್. ತಿರುವು ಅಗಲವಾಗಿದ್ದರೂ ಕಿರಿದಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಸರಳಿಗೆ ಬೆಸೆದಿದ್ದರೆ ಈ ವ್ಯತ್ಯಾಸಕ್ಕೆ ಜಾಗವೇ ಇರುವುದಿಲ್ಲ. ಯಾವುದಾದರೂ ಒಂದು ಚಕ್ರ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗಬೇಕಾಗುತ್ತದೆ. ಈ ತೊಂದರೆ ತಪ್ಪಿಸಲೆಂದೇ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಎಂಬ ಗಿಯರ್ ಜೋಡಣೆ ಇರುತ್ತದೆ. ಇದರ ಈಗಿನ ರೂಪಕ್ಕೆ 1820ರ ದಶಕದಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಒನೆಸಿಫೋರ್ ಪೆಕರ್. ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ತಿರುಗಬಹುದು, ಆದರೂ ಎರಡಕ್ಕೂ ಎಂಜಿನ್ನಿನ ಬಲ ತಲುಪುತ್ತದೆ. ಇದೇ ಡಿಫರೆನ್ಷಿಯಲ್ಲಿನ ಕೆಲಸ.

ಹಾಗಾದರೆ ಕೆಸರಿನಲ್ಲಿ ಗಾಡಿ ನಿಲ್ಲುವುದೇಕೆ?

ಸಾಮಾನ್ಯ ಡಿಫರೆನ್ಷಿಯಲ್ಲಿಗೆ ಒಂದು ಗುಣವಿದೆ. ಅದು ಎರಡೂ ಚಕ್ರಗಳಿಗೆ ತಿರುಗಿಸುವ ಬಲವನ್ನು ಸಮವಾಗಿ ಹಂಚುತ್ತದೆ. ‘ಜಾರುವ ಚಕ್ರಕ್ಕೇ ಎಲ್ಲ ಬಲ ಹೋಗುತ್ತದೆ’ ಎಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಜಾರುವ ಚಕ್ರಕ್ಕೆ ಹೆಚ್ಚು ವೇಗ ಹೋಗುತ್ತದೆ, ಹೆಚ್ಚು ಬಲವಲ್ಲ. ಹಿಡಿತ ಕಡಿಮೆ ಇರುವ ಚಕ್ರ ಎಷ್ಟು ಬಲ ತಾಳುತ್ತದೋ, ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ.

ಒಂದು ಲೆಕ್ಕ ಮಾಡೋಣ. ಖಾಲಿ ಪಿಕಪ್ಪಿನ ತೂಕ 1800 ಕೆ.ಜಿ. ಎಂದುಕೊಳ್ಳಿ. ಹಿಂದಿನ ಒಂದೊಂದು ಚಕ್ರದ ಮೇಲೆ 400 ಕೆ.ಜಿ. ಭಾರವಿದೆ. ಎಡ ಚಕ್ರ ಒದ್ದೆ ಜೇಡಿಮಣ್ಣಿನ ಮೇಲಿದೆ, ಅಲ್ಲಿ ಹಿಡಿತ ಭಾರದ ಹತ್ತನೇ ಒಂದು ಭಾಗ, ಅಂದರೆ 40 ಕೆ.ಜಿ. ತೂಕದಷ್ಟು ಬಲ. ಬಲ ಚಕ್ರ ಗಟ್ಟಿ ಜಲ್ಲಿಯ ಮೇಲಿದೆ, ಅಲ್ಲಿ 240 ಕೆ.ಜಿ.ಯಷ್ಟು ಬಲ ಹಾಕಲು ಸಾಧ್ಯ. ಗಾಡಿ ಹತ್ತಕ್ಕೆ ಒಂದರ ಏರು ಹತ್ತಬೇಕಿದೆ. ಅದಕ್ಕೆ ಕನಿಷ್ಠ 180 ಕೆ.ಜಿ.ಯಷ್ಟು ಎಳೆತ ಬೇಕು.

ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಎಡಕ್ಕೆ 40, ಬಲಕ್ಕೂ 40, ಒಟ್ಟು 80. ಗಾಡಿ ಹತ್ತುವುದಿಲ್ಲ, ಎಡ ಚಕ್ರ ಸುಮ್ಮನೆ ತಿರುಗುತ್ತದೆ. ಲಾಕ್ ಹಾಕಿದರೆ ಎರಡು ಚಕ್ರಗಳೂ ಒಟ್ಟಿಗೇ ತಿರುಗಬೇಕು. ಆಗ ಬಲ ಚಕ್ರ ತನ್ನ ಪೂರ್ತಿ ಹಿಡಿತ ಬಳಸಬಹುದು: 40 ಮತ್ತು 240 ಸೇರಿ 280. ಗಾಡಿ ಹತ್ತುತ್ತದೆ. ವಿಡಿಯೊದಲ್ಲಿ ಕಾಣುವ ಚಮತ್ಕಾರದ ಹಿಂದೆ ಇರುವುದು ಇಷ್ಟೇ.

ಈಗ ಎರಡೂ ಚಕ್ರಗಳು ಜೇಡಿಮಣ್ಣಿನ ಮೇಲಿದ್ದರೆ? ಲಾಕ್ ಇಲ್ಲದಿದ್ದರೆ 80. ಲಾಕ್ ಇದ್ದರೂ 80. ಲಾಕ್ ಹೊಸ ಹಿಡಿತವನ್ನು ಹುಟ್ಟಿಸುವುದಿಲ್ಲ, ಇರುವ ಹಿಡಿತವನ್ನು ಬಳಸಿಕೊಳ್ಳುತ್ತದೆ. ಎರಡೂ ಕಡೆ ಹಿಡಿತವಿಲ್ಲದಿದ್ದರೆ ಬಳಸಿಕೊಳ್ಳಲು ಏನೂ ಇರುವುದಿಲ್ಲ.

ಜಾರುವ ರಸ್ತೆಯಲ್ಲಿ ಲಾಕ್ ಅಪಾಯವಾಗುವುದು ಹೇಗೆ?

ಟೈರಿಗೆ ಎರಡು ಕೆಲಸ. ಗಾಡಿಯನ್ನು ಮುಂದಕ್ಕೆ ತಳ್ಳುವುದು ಒಂದು, ಅಡ್ಡಕ್ಕೆ ಜಾರದಂತೆ ಹಿಡಿದಿಡುವುದು ಇನ್ನೊಂದು. ಎರಡಕ್ಕೂ ಇರುವ ಬಂಡವಾಳ ಒಂದೇ, ಅದು ನೆಲದ ಹಿಡಿತ. ಚಕ್ರ ನೆಲಬಿಟ್ಟು ಗರಗರನೆ ತಿರುಗತೊಡಗಿದರೆ ಆ ಬಂಡವಾಳದ ಬಹುಪಾಲು ಅಲ್ಲೇ ಖರ್ಚಾಗುತ್ತದೆ. ಅಡ್ಡಕ್ಕೆ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ.

ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಚಕ್ರ ಮಾತ್ರ ಹೀಗೆ ಸೋಲುತ್ತದೆ. ಇನ್ನೊಂದು ನೆಲಕ್ಕೆ ಅಂಟಿಕೊಂಡು ಗಾಡಿಯ ಹಿಂಭಾಗವನ್ನು ನೇರವಾಗಿ ಹಿಡಿದಿರುತ್ತದೆ. ಗಾಡಿ ಮುಂದೆ ಹೋಗದಿರಬಹುದು, ಆದರೆ ಪಕ್ಕಕ್ಕೂ ಹೋಗುವುದಿಲ್ಲ. ಲಾಕ್ ಹಾಕಿದಾಗ ಎರಡೂ ಒಟ್ಟಿಗೇ ತಿರುಗುತ್ತವೆ, ಸೋತರೆ ಎರಡೂ ಒಟ್ಟಿಗೇ ಸೋಲುತ್ತವೆ. ಆಗ ಹಿಂಭಾಗವನ್ನು ಹಿಡಿಯುವವರೇ ಇಲ್ಲ. ಅದು ಇಳಿಜಾರು ಯಾವ ಕಡೆಗಿದೆಯೋ ಆ ಕಡೆಗೆ ಜಾರುತ್ತದೆ.

ಮಲೆನಾಡು, ಕೊಡಗಿನ ತೋಟದ ದಾರಿಗಳನ್ನು ನೆನಪಿಸಿಕೊಳ್ಳಿ. ಒಂದು ಕಡೆ ಬರೆ, ಇನ್ನೊಂದು ಕಡೆ ಕೊಲ್ಲಿ ಅಥವಾ ಚರಂಡಿ. ದಾರಿಯೇ ಒಂದು ಬದಿಗೆ ವಾಲಿರುತ್ತದೆ. ಇಂಥಲ್ಲಿ ಲಾಕ್ ಹಾಕಿ ಆಕ್ಸಿಲರೇಟರ್ ತುಳಿದರೆ ಪಿಕಪ್ಪಿನ ಬಾಲ ನಿಧಾನಕ್ಕೆ ಕೊಲ್ಲಿಯ ಕಡೆ ಹೊರಳುತ್ತದೆ. ಹಿಂದೆ ಕೆಲಸಕ್ಕೆ ಹೊರಟ ಹತ್ತಾರು ಜನ ನಿಂತಿದ್ದರೆ ಮುಂದಾಗುವುದನ್ನು ಬಿಡಿಸಿ ಹೇಳಬೇಕಿಲ್ಲ. ಸರಕು ಗಾಡಿ ಜನರನ್ನು ಕೂರಿಸಲು ಮಾಡಿದ್ದಲ್ಲ, ಯಾವ ಲಾಕ್ ಇದ್ದರೂ ಈ ಮಾತು ಬದಲಾಗುವುದಿಲ್ಲ.

ತಿರುವಿನಲ್ಲಿ ಇನ್ನೊಂದು ತೊಂದರೆ. ಹಿಂದಿನ ಎರಡು ಚಕ್ರಗಳೂ ಒಂದೇ ದೂರ ಓಡಬೇಕೆಂದು ಹಟ ಹಿಡಿದಾಗ ಗಾಡಿ ನೇರ ಹೋಗಲು ನೋಡುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಮುಂದಿನ ಚಕ್ರಗಳು ಜಾರುತ್ತಾ ತಿರುವಿನಿಂದ ಹೊರಕ್ಕೆ ಎಳೆಯುತ್ತವೆ. ಆಗ ಗಾಬರಿಯಿಂದ ಆಕ್ಸಿಲರೇಟರ್ ಹೆಚ್ಚಿಸಿದರೆ ಹಿಂಭಾಗ ಕಿತ್ತುಕೊಂಡು ಬರುತ್ತದೆ. ಒಣ ಟಾರು ರಸ್ತೆಯಲ್ಲಾದರೆ ಟೈರು ಸವೆಯುತ್ತದೆ, ಆಕ್ಸಲ್ಲಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ.

ಖಾಲಿ ಪಿಕಪ್ಪಿಗೆ ಈ ಅಪಾಯ ಇನ್ನೂ ಹೆಚ್ಚು. ಎಂಜಿನ್ ಮುಂದಿದೆ, ಹಿಂದಿನ ತೊಟ್ಟಿ ಖಾಲಿ, ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆ. ಅಮೆರಿಕ, ಕೆನಡಾಗಳಲ್ಲಿ ಚಳಿಗಾಲದ ಹಿಮದ ರಸ್ತೆಯಲ್ಲಿ ಪಿಕಪ್ ಓಡಿಸುವ ನಮ್ಮವರಿಗೂ ಇದು ಅನ್ವಯಿಸುತ್ತದೆ. ಹಿಮದಲ್ಲಿ ಹೂತ ಗಾಡಿಯನ್ನು ಅಂಗಳದಿಂದ ಹೊರತರಲು ಲಾಕ್ ಸರಿ. ಮಂಜುಗಟ್ಟಿದ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಖಂಡಿತ ಬೇಡ.

ಬ್ರೇಕಿಗೆ ಲಾಕ್ ನೆರವಾಗುತ್ತದೆಯೇ?

ಇಲ್ಲ. ಬ್ರೇಕ್ ಹಾಕಲು ಡಿಫರೆನ್ಷಿಯಲ್ ಬೇಕಿಲ್ಲ, ನಾಲ್ಕೂ ಚಕ್ರಗಳಿಗೆ ಬ್ರೇಕ್ ಇದ್ದೇ ಇದೆ. ಇನ್ನೂ ಮುಖ್ಯ ಸಂಗತಿಯೆಂದರೆ, ಹಲವು ಗಾಡಿಗಳಲ್ಲಿ ಹಿಂದಿನ ಲಾಕ್ ಹಾಕಿದೊಡನೆ ಎಬಿಎಸ್ ಮತ್ತು ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಕೆಲಸ ನಿಲ್ಲಿಸುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಅವುಗಳ ದೀಪ ಹೊತ್ತಿಕೊಂಡರೆ ಗಾಡಿ ಕೆಟ್ಟಿತೆಂದಲ್ಲ, ಕಾವಲು ಸದ್ಯಕ್ಕೆ ಇಲ್ಲವೆಂದರ್ಥ. ಘಾಟಿ ಇಳಿಯುವಾಗ ಬೇಕಾಗುವ ಕಾವಲೇ ಅದು.

ಫೋರ್ ವೀಲ್ ಡ್ರೈವ್ ಇದ್ದರೆ ಲಾಕ್ ಇದ್ದಂತೆಯೇ?

ಇದೂ ತಪ್ಪು ತಿಳಿವಳಿಕೆ. ಫೋರ್ ವೀಲ್ ಡ್ರೈವಿನಲ್ಲಿ ಬಲ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡಕ್ಕೂ ಹೋಗುತ್ತದೆ. ಆದರೆ ಎರಡೂ ಆಕ್ಸಲ್ಲಿನಲ್ಲಿ ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ, ಮುಂದಿನದೊಂದು ಮತ್ತು ಹಿಂದಿನದೊಂದು ಚಕ್ರ ತಿರುಗುತ್ತಾ ಗಾಡಿ ನಿಂತಲ್ಲೇ ನಿಲ್ಲಬಹುದು. ಲಾಕ್ ಬೇರೆಯದೇ ಸೌಲಭ್ಯ.

ಲಾಕ್‌ಗಳಲ್ಲೂ ಬಗೆಗಳಿವೆ. ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ನಲ್ಲಿ ಸ್ವಿಚ್ ಒತ್ತಿ ಚಾಲಕನೇ ಹಾಕುವ ಎಲೆಕ್ಟ್ರಾನಿಕ್ ಲಾಕ್ ಇದೆ. ಮಹೀಂದ್ರಾ ಥಾರ್‌ನ ಕೆಲವು ಮಾದರಿಗಳಲ್ಲಿ, ಎರಡು ಚಕ್ರಗಳ ವೇಗದಲ್ಲಿ ದೊಡ್ಡ ವ್ಯತ್ಯಾಸ ಬಂದಾಗ ತಾನಾಗಿಯೇ ಬೀಳುವ ಯಾಂತ್ರಿಕ ಲಾಕ್ ಇದೆ. ಇನ್ನು ಕೆಲವು ಗಾಡಿಗಳಲ್ಲಿ ಲಾಕ್ ಇಲ್ಲ, ಜಾರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಸಿಗುವಂತೆ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಸರಕು ಹೊರುವ ಬಹುಪಾಲು ಸಣ್ಣ ಪಿಕಪ್‌ಗಳಲ್ಲಿ ಲಾಕ್ ಇರುವುದಿಲ್ಲ.

‘ಹ್ಯಾಂಡ್ ಬ್ರೇಕ್ ಸ್ವಲ್ಪ ಎಳೆಯಿರಿ’ ಎಂಬ ಉಪಾಯ

ಲಾಕ್ ಇಲ್ಲದವರಿಗೆ ಫಾರ್ವರ್ಡ್‌ಗಳು ಕೊಡುವ ಸಲಹೆ ಇದು. ಕೇಳಲು ಜಾಣತನದಂತಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಹ್ಯಾಂಡ್ ಬ್ರೇಕ್ ಹಿಂದಿನ ಎರಡು ಚಕ್ರಗಳನ್ನೂ ಸಮವಾಗಿ ಹಿಡಿಯುತ್ತದೆ. ಜಾರುವ ಚಕ್ರದ ಮೇಲೆ 50 ಪಾಲು ಹೊರೆ ಹೆಚ್ಚಿದರೆ ಇನ್ನೊಂದಕ್ಕೂ 50 ಪಾಲು ಬಲ ಹೆಚ್ಚು ಬರುವುದು ನಿಜ. ಆದರೆ ಅದೇ 50 ಪಾಲನ್ನು ಅಲ್ಲಿಯ ಬ್ರೇಕೇ ನುಂಗುತ್ತದೆ. ಚಕ್ರ ಹುಚ್ಚೆದ್ದು ತಿರುಗುವುದು ತುಸು ತಗ್ಗಬಹುದೇ ಹೊರತು ಸಾಮಾನ್ಯ ಡಿಫರೆನ್ಷಿಯಲ್ಲಿನಲ್ಲಿ ಎಳೆತ ಹೆಚ್ಚುವುದಿಲ್ಲ. ಎಲೆಕ್ಟ್ರಾನಿಕ್ ವ್ಯವಸ್ಥೆ ಯಶಸ್ವಿಯಾಗುವುದು ಒಂದೇ ಚಕ್ರವನ್ನು ಹಿಡಿಯುವುದರಿಂದ.

ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಹಳೆಯ ಪಾಠ

ಡಿಫ್ ಲಾಕ್ ಹೊಸ ಫ್ಯಾಷನ್ ಏನಲ್ಲ. ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಕಾಲಿನ ಬಳಿ ಇರುವ ಡಿಫ್ ಲಾಕ್ ಪೆಡಲ್ ಗೊತ್ತು. ಒಂದು ಚಕ್ರ ಕೆಸರಿನಲ್ಲಿ ಜಾರಿದಾಗ ಅದನ್ನು ತುಳಿಯುತ್ತಾರೆ, ನೇರವಾಗಿ ದಾಟುತ್ತಾರೆ, ಬದುವಿನ ಬಳಿ ತಿರುಗಿಸುವ ಮೊದಲು ಕಾಲು ತೆಗೆಯುತ್ತಾರೆ. ಲಾಕ್ ಹಾಕಿ ಟ್ರ್ಯಾಕ್ಟರ್ ತಿರುಗಿಸಬಾರದು, ರಸ್ತೆಯಲ್ಲಿ ಅದನ್ನು ಬಳಸಬಾರದು ಎಂಬುದು ಈ ಕೆಲಸ ಕಲಿಯುವಾಗಲೇ ಬರುವ ಮಾತು. ಪಿಕಪ್ಪಿಗೂ ಇದೇ ನಿಯಮ. ವ್ಯತ್ಯಾಸ ಇಷ್ಟೇ: ಪೆಡಲ್ ಮೇಲಿಂದ ಕಾಲು ತೆಗೆದರೆ ಲಾಕ್ ಬಿಡುತ್ತದೆ, ಸ್ವಿಚ್ ಹಾಕಿದವರು ಮರೆತರೆ ಅದು ಹಾಗೇ ಉಳಿಯಬಹುದು.

ಸರಿಯಾಗಿ ಬಳಸುವುದು ಹೇಗೆ?

ಕೆಸರಿಗೆ ಇಳಿದು ಹೂತ ಮೇಲಲ್ಲ, ಇಳಿಯುವ ಮೊದಲೇ ಲಾಕ್ ಹಾಕಿ. ಗಾಡಿ ನಿಂತಿರಲಿ ಅಥವಾ ನಡಿಗೆಯ ವೇಗದಲ್ಲಿರಲಿ. ಚಕ್ರ ಜೋರಾಗಿ ತಿರುಗುತ್ತಿರುವಾಗ ಸ್ವಿಚ್ ಒತ್ತಿದರೆ ಒಳಗಿನ ಹಲ್ಲುಗಳು ಮುರಿಯಬಹುದು.

ಸ್ಟಿಯರಿಂಗ್ ಸಾಧ್ಯವಾದಷ್ಟು ನೇರವಾಗಿರಲಿ. ಕೆಳಗಿನ ಗಿಯರ್, ಹಗುರ ಆಕ್ಸಿಲರೇಟರ್. ದೀಪ ಮಿನುಗುತ್ತಿದ್ದರೆ ಲಾಕ್ ಇನ್ನೂ ಪೂರ್ತಿ ಕೂತಿಲ್ಲ, ಕಾಯಿರಿ.

ಬಾಲ ಪಕ್ಕಕ್ಕೆ ಹೊರಳುತ್ತಿದೆ ಅನ್ನಿಸಿದ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಓರೆ ದಾರಿಯಲ್ಲಿ ಒಂದು ಬದಿ ಕೊಲ್ಲಿ ಇದ್ದರೆ ಲಾಕ್ ನಂಬಿ ಮುಂದುವರಿಯುವುದಕ್ಕಿಂತ ಇಳಿದು ದಾರಿ ನೋಡುವುದು ಲೇಸು.

ಕೆಸರು ದಾಟಿದ ತಕ್ಷಣ ಲಾಕ್ ತೆಗೆಯಿರಿ. ಸ್ವಿಚ್ ತೆಗೆದರೂ ದೀಪ ಆರದಿದ್ದರೆ ಗಾಡಿಯನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿ, ಸ್ಟಿಯರಿಂಗ್ ತುಸು ಆಚೀಚೆ ಆಡಿಸಿ. ದೀಪ ಆರಿದ ಮೇಲಷ್ಟೇ ಟಾರು ರಸ್ತೆ ಹತ್ತಿ. ಮಾದರಿಯಿಂದ ಮಾದರಿಗೆ ನಿಯಮ ಬದಲಾಗುವುದರಿಂದ ಗಾಡಿಯ ಜೊತೆ ಬಂದ ಪುಸ್ತಕವನ್ನು ಒಮ್ಮೆ ಓದಿ.

ಲಾಕ್ ಇಲ್ಲದಿದ್ದರೆ ಹಳೆಯ ಉಪಾಯಗಳೇ ಗಟ್ಟಿ. ಚಕ್ರದ ಮುಂದಿನ ಕೆಸರು ಗುದ್ದಲಿಯಿಂದ ತೆಗೆದು ಜಲ್ಲಿ, ಸೊಪ್ಪು, ಗೋಣಿಚೀಲ ಹಾಕುವುದು, ಟೈರಿಗೆ ಚೈನ್ ಕಟ್ಟುವುದು, ಹಿಂದಿನ ಆಕ್ಸಲ್ ಮೇಲೆ ಬರುವಂತೆ ಮರಳಿನ ಮೂಟೆಗಳನ್ನಿಟ್ಟು ಬಿಗಿಯುವುದು. ಇವು ಲಾಕ್ ಮಾಡಲಾಗದ ಕೆಲಸವನ್ನು ಮಾಡುತ್ತವೆ, ನೆಲದ ಹಿಡಿತವನ್ನೇ ಹೆಚ್ಚಿಸುತ್ತವೆ. ಟೈರಿನ ಗೀರು ಸವೆದಿದ್ದರೆ ಮೊದಲು ಅದನ್ನು ಬದಲಿಸಿ. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್, ಆದರೆ ಕೆಸರಿನಲ್ಲಿ ಅಷ್ಟು ಗೀರು ಹೆಚ್ಚೇನೂ ಉಪಯೋಗಕ್ಕೆ ಬರುವುದಿಲ್ಲ.

ವಿಡಿಯೊ ನಮ್ಮನ್ನು ದಾರಿ ತಪ್ಪಿಸುವುದು ಹೇಗೆ?

ಇಂಥ ವಿಡಿಯೊಗಳಲ್ಲಿ ಗಾಡಿ ಸಾಮಾನ್ಯವಾಗಿ ನೇರ ಹೋಗುತ್ತದೆ, ವೇಗ ಕಡಿಮೆ, ನೆಲ ಸಮತಟ್ಟು, ಒಂದು ಚಕ್ರಕ್ಕಾದರೂ ಗಟ್ಟಿ ನೆಲ ಸಿಕ್ಕಿರುತ್ತದೆ. ಲಾಕ್ ಗೆಲ್ಲುವ ಸಂದರ್ಭವೇ ಅದು. ತಿರುವು, ಓರೆ ದಾರಿ, ವೇಗ, ಬ್ರೇಕ್ ಯಾವುದೂ ಚೌಕಟ್ಟಿನೊಳಗೆ ಬರುವುದಿಲ್ಲ. ಕೆಸರಿನಿಂದ ಹೊರಬರಲು ನೆರವಾದ ವಸ್ತು ರಸ್ತೆಯಲ್ಲೂ ಕಾಪಾಡುತ್ತದೆ ಎಂದು ನಾವೇ ಊಹಿಸಿಕೊಳ್ಳುತ್ತೇವೆ.

ಒಟ್ಟಾರೆ ಹೇಳುವುದಾದರೆ, ಒಂದು ಚಕ್ರ ಹಿಡಿತ ಕಳೆದುಕೊಂಡಾಗ ಗಾಡಿಯನ್ನು ಮೆಲ್ಲನೆ, ನೇರವಾಗಿ ಮುಂದಕ್ಕೆ ಸಾಗಿಸಲು ಡಿಫ್ ಲಾಕ್ ಒಳ್ಳೆಯ ಸಾಧನ. ಗಾಡಿ ಜಾರದಂತೆ ತಡೆಯುವ ಸಾಧನ ಅದಲ್ಲ. ಮಳೆಯಲ್ಲಿ ಲಾಕ್ ಹಾಕಿಕೊಂಡೇ ಓಡಿಸಿ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ‘ಕೆಸರು ದಾಟಿದ ಕೂಡಲೇ ಲಾಕ್ ತೆಗೆಯಿರಿ’ ಎಂಬ ಒಂದು ಸಾಲನ್ನಾದರೂ ಸೇರಿಸಿ.