ಕಣ್ಣಿನ ಚೀಟಿ ಯಾರದು?

"ಹಳೇ ಚೀಟಿ ಇದೆಯಾ?" ತಾಲ್ಲೂಕಿನ ಕನ್ನಡಕದಂಗಡಿಗಳಲ್ಲಿ ಕಣ್ಣು ಪರೀಕ್ಷೆ ಶುರುವಾಗುವುದೇ ಈ ಪ್ರಶ್ನೆಯಿಂದ. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಅದು ಉಳಿದಿದೆ?

ಪವರ್ ಮತ್ತೆ ಅಳೆಯಬಹುದು. ಗ್ಲುಕೋಮಾ ಹಾಗಲ್ಲ, ಸಾಮಾನ್ಯವಾಗಿ ನೋವಿಲ್ಲದೆ ಬರುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಕಣ್ಣಿನ ಒತ್ತಡ, ನರದ ಸ್ಥಿತಿಯನ್ನು ಹಿಂದಿನ ತಪಾಸಣೆಯೊಂದಿಗೆ ಹೋಲಿಸಿದರೆ ಅನುಮಾನ ಬೇಗ ಬರುತ್ತದೆ. ಹಾಗಾಗಿ ಆಪ್ಟೋಮೆಟ್ರಿಸ್ಟ್‌ಗಳು ಚೀಟಿ ಬಿಟ್ಟು ಕಂಪ್ಯೂಟರ್ ದಾಖಲೆಗೆ ಬರಲೇಬೇಕು.

ಆದರೆ ಆ ದಾಖಲೆ ಅಂಗಡಿಯ ಗಿರಾಕಿ ಪಟ್ಟಿಯಾಗಬಾರದು. 2021ರಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ಆಭಾ ಸಂಖ್ಯೆಗೆ ದಾಖಲೆ ಜೋಡಿಸಬಹುದು. ಬೇರೆ ವೈದ್ಯರು ಅದನ್ನು ನೋಡಲು ರೋಗಿಯ ಒಪ್ಪಿಗೆ ಬೇಕು. ಮೊಬೈಲ್ ಇಲ್ಲದ ಅಜ್ಜಿಗೆ ಕನ್ನಡದಲ್ಲೊಂದು ಪ್ರಿಂಟ್ ಕೊಡಲಿ. ಕಣ್ಣು ನಮ್ಮದು, ಚೀಟಿಯೂ ನಮ್ಮದೇ.