ಜಾಲತಾಣಗಳೂ ಕನ್ನಡಿಗರ ಒಪ್ಪಿಗೆಯೂ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 2023ರಲ್ಲಿ ಪಾರ್ಲಿಮೆಂಟಿನ ಅಂಗೀಕಾರವನ್ನು ಪಡೆಯಿತು. ಅದರ ನಿಯಮಾವಳಿಯನ್ನು ಕೇಂದ್ರ ಸರ್ಕಾರದವರು 2025ರ ನವೆಂಬರ್ ತಿಂಗಳಿನಲ್ಲಿ ಪ್ರಕಟಿಸಿ, ಮುಖ್ಯ ವಿಧಿಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನು ಗೊತ್ತುಮಾಡಿದರು. ಈ ಅವಧಿಯನ್ನು ನಮ್ಮ ನಗರದ ದಕ್ಷಿಣ ಭಾಗದವರು ವಿಶ್ರಾಂತಿಯ ಕಾಲವೆಂದು ಭಾವಿಸಿದಂತೆ ತೋರುತ್ತದೆ. ಜಯನಗರದ ದಂತವೈದ್ಯರು, ಬನಶಂಕರಿಯ ಸೀರೆಯಂಗಡಿಯವರು, ಜೆ.ಪಿ. ನಗರದ ಸಂಗೀತಶಾಲೆಯವರು, ಎಲ್ಲರೂ ಈಗ ಜಾಲತಾಣವುಳ್ಳವರೇ. ಅವನ್ನು ಕಟ್ಟಿಕೊಡುವ ತರುಣರಲ್ಲಿ ಅನೇಕರು ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿರುವರು. ಕಾನೂನಿನ ಹೊಣೆ ಯಾರದೆಂದು ಕೇಳಿದರೆ ಮಾಲೀಕರು ತರುಣರನ್ನೂ, ತರುಣರು ಮಾಲೀಕರನ್ನೂ ತೋರಿಸುತ್ತಾರೆ.

ಕಾಯಿದೆಯು ಇಲ್ಲಿ ಸಂದೇಹಕ್ಕೆ ಎಡೆಗೊಟ್ಟಿಲ್ಲ. ಜನರ ವಿವರಗಳನ್ನು ಯಾವ ಉದ್ದೇಶಕ್ಕಾಗಿ ಹೇಗೆ ಬಳಸಬೇಕೆಂದು ನಿರ್ಧರಿಸುವವನೇ ಹೊಣೆಗಾರನು. ಕೆಲಸವನ್ನು ಮತ್ತೊಬ್ಬರಿಗೆ ವಹಿಸಿದೆನೆಂಬ ಕರಾರು ಅವನನ್ನು ಪಾರುಮಾಡಲಾರದು. ತಕ್ಕ ರಕ್ಷಣೆಯಿಲ್ಲದೆ ವಿವರಗಳು ಸೋರಿದಲ್ಲಿ ದಂಡವು 250 ಕೋಟಿ ರೂಪಾಯಿಗಳವರೆಗೂ ಏರಬಹುದು. ಆದರೂ ನಮೂನೆಯಲ್ಲಿ ಏನನ್ನು ಕೇಳಬೇಕೆಂದು ಬರೆಯುವ ಕೈ ತರುಣನದೇ ಆದುದರಿಂದ, ಮಾಲೀಕನಿಗೆ ಮೊದಲು ಎಚ್ಚರಿಕೆ ಹೇಳಬೇಕಾದವನೂ ಅವನೇ.

ಕರಾರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆವು. ಸಂಬಳದ ನೌಕರನಲ್ಲದವನು ಬರೆದ ಪ್ರೋಗ್ರಾಮಿನ ಹಕ್ಕು, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಸಾಮಾನ್ಯವಾಗಿ ಬರೆದವನಿಗೇ ಸೇರಿದ್ದು. ಹಣ ಕೊಟ್ಟ ಮಾತ್ರಕ್ಕೆ ಅದು ಅಂಗಡಿಯವನದಾಗದು. ಬರಹದ ಮೂಲಕ ವರ್ಗಾವಣೆಯಾಗಬೇಕು. ಆ ಬರಹದಲ್ಲಿ ಕಾಲಾವಧಿಯನ್ನು ನಮೂದಿಸದಿದ್ದರೆ ಐದು ವರ್ಷಗಳೆಂದೇ ಎಣಿಕೆ. ಬಾಯಿಮಾತಿನ ವ್ಯವಹಾರವು ನಮ್ಮವರ ಹಳೆಯ ಚಾಳಿ.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಹೊಸ ಕಾಯಿದೆಯ 5 ಮತ್ತು 6ನೆಯ ವಿಧಿಗಳು. ವಿವರ ಕೇಳುವವನು ಯಾವ ವಿವರ, ಯಾತಕ್ಕೆ ಎಂಬುದನ್ನು ಮೊದಲೇ ತಿಳಿಸತಕ್ಕದ್ದು. ಆ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದಿಕೊಳ್ಳುವ ಆಯ್ಕೆಯನ್ನು ಕೊಡತಕ್ಕದ್ದು. ಕನ್ನಡವು ಆ ಅನುಸೂಚಿಯಲ್ಲಿದೆ. ಒಪ್ಪಿಗೆಯು ಸ್ವತಂತ್ರವಾಗಿಯೂ ಅರಿತು ಕೊಟ್ಟುದಾಗಿಯೂ ಇರಬೇಕು. ಅದನ್ನು ಹಿಂತೆಗೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ದೂರದಿಂದ ವೈದ್ಯಸಲಹೆ ಕೊಡುವ ತಂತ್ರಾಂಶವು ರೋಗಿಯ ಫೋನಿನಲ್ಲಿರುವ ನಂಟರಿಷ್ಟರ ಸಂಖ್ಯೆಗಳನ್ನೂ ಕೇಳಿದರೆ, ರೋಗಿ ಒಪ್ಪಿದರೂ ಆ ಒಪ್ಪಿಗೆ ವೈದ್ಯಸಲಹೆಗೆ ಮಾತ್ರವೇ ಎಂದು ಕಾಯಿದೆಯೇ ಉದಾಹರಣೆ ಕೊಟ್ಟಿದೆ.

ಕನ್ನಡವೊಂದನ್ನೇ ಓದಬಲ್ಲ ವೃದ್ಧೆಯೊಬ್ಬಳು ಇಂಗ್ಲಿಷಿನ ಹತ್ತು ಪುಟಗಳ ಕೆಳಗಿನ ಗುಂಡಿಯನ್ನು ಒತ್ತಿದರೆ ಅದನ್ನು ಒಪ್ಪಿಗೆಯೆಂದು ಕರೆಯುವುದು ಹೇಗೆ? ಇಪ್ಪತ್ತೆರಡು ಭಾಷೆಗಳ ಹೊರೆ ಸಣ್ಣ ವ್ಯಾಪಾರಿಗೆ ತಕ್ಕುದೇ ಎಂಬ ಆಕ್ಷೇಪಣೆಯುಂಟು. ಆಕ್ಷೇಪಣೆಯಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಗಾಂಧಿಬಜಾರಿನ ಮಗ್ಗುಲಲ್ಲಿ ವ್ಯಾಪಾರ ಮಾಡುತ್ತ, ಎಲ್ಲಕ್ಕಿಂತ ಮೊದಲು ಕನ್ನಡವನ್ನೇ ಬಿಟ್ಟುಬಿಡಲು ಅದು ನೆಪವಾಗಲಾರದು. ಯಂತ್ರದಿಂದ ಹೊರಡಿಸಿ, ಯಾರೂ ಓದಿನೋಡದ ಕನ್ನಡವನ್ನು ಅಂಟಿಸಿದರೂ ಸಾಲದು. ನಿಯಮವು ಕೇಳಿರುವುದು ಸರಳವೂ ಸ್ಪಷ್ಟವೂ ಆದ ಭಾಷೆಯನ್ನು.

ಈ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಕಂಠದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಅವರು 2024ರಲ್ಲಿ ಕಾಲವಾದರು.

ಕನ್ನಡ ಅಭಿವೃದ್ಧಿ ಪ್ರಾಧಿಕಾರದವರೂ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯವರೂ ಕೂಡಿ, ವಕೀಲರಿಂದ ತಿದ್ದಿಸಿದ ಮಾದರಿ ಸೂಚನಾಪತ್ರಗಳನ್ನು ತಿಳಿಗನ್ನಡದಲ್ಲಿ ಸಿದ್ಧಪಡಿಸಲಿ. ಚಿಕಿತ್ಸಾಲಯಕ್ಕೊಂದು, ಅಂಗಡಿಗೊಂದು, ಪಾಠಶಾಲೆಗೊಂದು ಇದ್ದರೆ ಮೊದಲಿಗೆ ಸಾಕು. ಬೆಲೆಯಿಲ್ಲದೆ ಎಲ್ಲರಿಗೂ ಅವು ದೊರೆತರೆ, ಬಿ.ಟಿ.ಎಂ. ಬಡಾವಣೆಯ ತರುಣನು ತಾನು ಕಟ್ಟುವ ಮುಂದಿನ ತಾಣದಲ್ಲಿಯೇ ಅದನ್ನು ಸೇರಿಸಬಹುದು.